ಮೂರು ತಾಲ್ಲೂಕಿಗೆ ಒಂದು ಉಂಗುರ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲೋ ಅಂಗಡಿಯ ಮೂಲೆಯಲ್ಲೋ ಸಣ್ಣ ಮಿಲ್ಲಿಂಗ್ ಮಷಿನ್ ಇಟ್ಟುಕೊಂಡಿರುವವರಿಗೆ, ಐಟಿಐ ಮತ್ತು ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಿಗೆ, ಅವರಿಗೆ ಕಲಿಸುವ ಮೇಷ್ಟ್ರುಗಳಿಗೆ

ಗೆಳೆಯರೇ,

ಮೂವತ್ತೈದು ಮಿಲಿಮೀಟರಿನ ಒಂದು ತೂತಿನ ವಿಷಯ ನಿಮಗೆ ಹೇಳಬೇಕಿದೆ.

ರೇಷ್ಮೆ ನೂಲು ಬಿಚ್ಚುವ ರಾಟೆಯ ಶಾಫ್ಟಿಗೆ ಬೇರಿಂಗ್ ಕೂರಿಸುವ ಅಲ್ಯೂಮಿನಿಯಂ ಬ್ಲಾಕುಗಳು ಬೇಕೆಂದು ರೀಲರ್ ಒಬ್ಬರು ಬಂದಿದ್ದರು. ಎಂಟು ಬ್ಲಾಕು. ಬೇರಿಂಗ್ 6202, ಅದರ ಹೊರಸುತ್ತಿನ ವ್ಯಾಸ 35 ಮಿ.ಮೀ. ನಾನು ಕೈಯಾರೆ ಮಾಡಿಕೊಂಡ ಟಚ್ ಪ್ರೋಬನ್ನು ಮಷಿನ್ನಿಗೆ ಕಟ್ಟಿ, ಕೊರೆದ ತೂತಿನೊಳಗೆ ಇಳಿಸಿ, ನಾಲ್ಕು ದಿಕ್ಕಿಗೂ ಮುಟ್ಟಿಸಿ ನೋಡಿದೆ. ಪರದೆಯ ಮೇಲೆ 35.00 ಎಂದು ಬಂತು. ಬೇರಿಂಗ್ ಮಾತ್ರ ಒಳಗೆ ಹೋಗಲಿಲ್ಲ. ಬ್ಲಾಕನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ಕೂರಿಸಿದೆ, ಕೂತಿತು. ಮೂರನೇ ದಿನ ಅವರು ಒಂದು ಬ್ಲಾಕನ್ನು ವಾಪಸ್ ತಂದು ಮೇಜಿನ ಮೇಲಿಟ್ಟು, ಮುಟ್ಟಿದರೆ ಕೈ ಸುಡುತ್ತದೆ ಎಂದರು. ಬೋರ್ ಗೇಜ್ ಸಾಲ ತಂದು ಅಳೆದಾಗ ತೂತು 34.94 ಇತ್ತು. ತಣ್ಣಗಾದ ಬ್ಲಾಕು ಬೇರಿಂಗನ್ನು ಹಿಂಡಿ ಹಿಡಿದಿತ್ತು.

ಕೂದಲೆಳೆಯಷ್ಟು ವ್ಯತ್ಯಾಸ, 0.06 ಮಿ.ಮೀ. ಎಂಟೂ ಬ್ಲಾಕುಗಳಲ್ಲಿ ಅಷ್ಟೇ. ಎಂಟರಲ್ಲೂ ಒಂದೇ ತಪ್ಪು ಬಂದಿದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಇತ್ತು. ಪ್ರೋಬಿನ ತುದಿಯಲ್ಲಿರುವ ಗುಂಡಿನ ಡಬ್ಬಿಯ ಮೇಲೆ 3 ಮಿ.ಮೀ. ಎಂದು ಬರೆದಿತ್ತು. ಆ ಅಂಕಿಯನ್ನೇ ಪ್ರೋಗ್ರಾಮಿನಲ್ಲಿ ತುಂಬಿದ್ದೆ. ಗುಂಡು ನಿಜಕ್ಕೂ 3 ಮಿ.ಮೀ. ಇದೆ. ಆದರೂ ಆ ಅಂಕಿ ತಪ್ಪು.

ನನ್ನ ಶೆಡ್ಡಿಗೆ ಬಂದು ಪ್ರೋಬ್ ನೋಡಿದವರೆಲ್ಲ ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದ್ದಾರೆ. ಇದನ್ನು ಎಷ್ಟು ನಂಬಬಹುದು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಈ ಪತ್ರ ಆ ಎರಡನೇ ಪ್ರಶ್ನೆಗಾಗಿ.

ಮೊದಲನೆಯದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಡೆಲ್ರಿನ್ ದುಂಡಿನಲ್ಲಿ ಕೊರೆದ ಒಂದು ಬಟ್ಟಲು. ಅದರ ತಳದಲ್ಲಿ 120 ಡಿಗ್ರಿಗೊಂದರಂತೆ ಮೂರು ಜೋಡಿ ಬೇರಿಂಗ್ ಗುಂಡುಗಳು. ಮೂರು ಕಾಲಿನ ಒಂದು ಚಕ್ಕೆ, ಒಂದೊಂದು ಕಾಲೂ ಒಂದೊಂದು ಜೋಡಿ ಗುಂಡಿನ ನಡುವೆ ಕೂರುವಂತೆ. ಕಾಲುಗಳಿಗೆ ನಾನು ಬಳಸಿದ್ದು ಮುರಿದ ಡ್ರಿಲ್ ಬಿಟ್ಟುಗಳ ನುಣುಪಾದ ಹಿಡಿಭಾಗ. ಮೇಲಿನಿಂದ ಒತ್ತಲು ಒಂದು ಸ್ಪ್ರಿಂಗು. ಚಕ್ಕೆಯ ನಡುವಿನಿಂದ ಇಳಿದ ಕಡ್ಡಿಯ ತುದಿಗೆ ಮಾಣಿಕ್ಯದ ಗುಂಡು. ಆರು ಗುಂಡು, ಮೂರು ಕಾಲು ಸೇರಿ ಒಂದೇ ಸರಣಿಯ ಸರ್ಕ್ಯೂಟು. ಅದರಲ್ಲಿ ಸದಾ ಕರೆಂಟು ಹರಿಯುತ್ತಿರುತ್ತದೆ. ಮಾಣಿಕ್ಯದ ಗುಂಡು ಏನಕ್ಕಾದರೂ ತಗುಲಿದರೆ ಒಂದು ಕಾಲು ಏಳುತ್ತದೆ, ಸರ್ಕ್ಯೂಟು ಕಡಿಯುತ್ತದೆ, ಆ ಕ್ಷಣದಲ್ಲಿ ತಾನೆಲ್ಲಿದ್ದೇನೆ ಎಂಬುದನ್ನು ಕಂಟ್ರೋಲರ್ ಬರೆದಿಟ್ಟುಕೊಳ್ಳುತ್ತದೆ. ಬಿಟ್ಟಾಗ ಚಕ್ಕೆ ಮೊದಲಿದ್ದ ಜಾಗಕ್ಕೇ ಬಂದು ಕೂರುತ್ತದೆ. ಮೂರು ಕಲ್ಲಿನ ಒಲೆ ಯಾವ ನೆಲದ ಮೇಲೂ ಅಲುಗದು, ಅದೇ ಗುಟ್ಟು ಇಲ್ಲಿಯೂ.

ಈ ಉಪಾಯ ಹುಟ್ಟಿದ್ದು 1970ರ ದಶಕದ ಮೊದಲಲ್ಲಿ, ಇಂಗ್ಲೆಂಡಿನಲ್ಲಿ. ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿಗೆ ಬೇಕಾದ ಸಣ್ಣ ಇಂಧನ ಕೊಳವೆಗಳನ್ನು ಅಳೆಯಬೇಕಿತ್ತು. ಗಟ್ಟಿ ಕಡ್ಡಿಯಿಂದ ಮುಟ್ಟಿದರೆ ಕೊಳವೆಯೇ ಬಗ್ಗುತ್ತಿತ್ತು. ರೋಲ್ಸ್ ರಾಯ್ಸ್‌ನಲ್ಲಿದ್ದ ಡೇವಿಡ್ ಮ್ಯಾಕ್‌ಮರ್ಟ್ರಿ ಎಂಬ ಎಂಜಿನಿಯರ್, ಮುಟ್ಟಿದೊಡನೆ ತಾನೇ ಹಿಂದೆ ಸರಿಯುವ ಈ ಪ್ರೋಬನ್ನು ಮಾಡಿದರು. 1973ರಲ್ಲಿ ಅದರ ಮೇಲೆಯೇ ರೆನಿಶಾ ಕಂಪನಿ ಕಟ್ಟಿದರು. ಇವತ್ತು ದೊಡ್ಡ ಕಾರ್ಖಾನೆಗಳ ಎಷ್ಟೋ ಅಳತೆ ಯಂತ್ರಗಳಲ್ಲಿ ಕೂತಿರುವುದು ಇದೇ ಮೂರು ಕಾಲಿನ ಸಂತಾನ. ಅವರ ಪ್ರೋಬಿಗೂ ನನ್ನದಕ್ಕೂ ಇರುವ ವ್ಯತ್ಯಾಸ ನುಣುಪಿನದು, ಅಚ್ಚುಕಟ್ಟಿನದು. ಇಬ್ಬರಿಗೂ ಇರುವ ತೊಡಕು ಮಾತ್ರ ಒಂದೇ.

ಆ ತೊಡಕು ಹೀಗೆ. ಗುಂಡು ಗೋಡೆಯನ್ನು ಮುಟ್ಟುವ ಗಳಿಗೆ ಬೇರೆ, ಸರ್ಕ್ಯೂಟು ಕಡಿಯುವ ಗಳಿಗೆ ಬೇರೆ. ಸ್ಪ್ರಿಂಗಿನ ಒತ್ತಡವನ್ನು ಮೀರುವಷ್ಟು ಬಲ ಬಂದಾಗಲೇ ಕಾಲು ಏಳುವುದು. ಅಷ್ಟರೊಳಗೆ ಕಡ್ಡಿ ತುಸು ಬಗ್ಗಿರುತ್ತದೆ, ಮಷಿನ್ ತುಸು ಮುಂದೆ ಹೋಗಿರುತ್ತದೆ. ತೂತಿನೊಳಗೆ ಎರಡೂ ಕಡೆ ಹಾಗೆ ಮುಂದೆ ಹೋದರೆ ತೂತು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬ್ಲಾಕಿನ ಹೊರಮೈಯನ್ನು ಎರಡೂ ಕಡೆ ಮುಟ್ಟಿಸಿದರೆ ಬ್ಲಾಕು ಚಿಕ್ಕದಾಗಿ ಕಾಣುತ್ತದೆ. ಅಂದರೆ ಮಷಿನ್ನಿನ ಮಟ್ಟಿಗೆ ಆ ಗುಂಡು ತನ್ನ ನಿಜವಾದ ಗಾತ್ರಕ್ಕಿಂತ ಸಣ್ಣದು. ನನ್ನ 3 ಮಿ.ಮೀ. ಗುಂಡು ನನ್ನ ಮಷಿನ್ನಿಗೆ 2.94 ಮಿ.ಮೀ. ಆಗಿತ್ತು. ಬೇರಿಂಗ್ ಸುಟ್ಟದ್ದು ಈ ಅಂಕಿ ತಿಳಿಯದ್ದಕ್ಕೆ.

ಆದರೆ ಅಂಕಿ ಹುಡುಕುವ ಮುನ್ನ ಒಂದು ಕೆಲಸವಿದೆ, ಅದನ್ನು ಬಿಟ್ಟವರು ಮುಂದಿನದೆಲ್ಲವನ್ನೂ ನೀರಿನಲ್ಲಿ ಬರೆದಂತೆ. ಒಂದೇ ಗೋಡೆಯ ಒಂದೇ ಜಾಗವನ್ನು, ಒಂದೇ ವೇಗದಲ್ಲಿ, ಇಪ್ಪತ್ತು ಸಲ ಮುಟ್ಟಿಸಿ. ಇಪ್ಪತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಮೊದಲ ಪ್ರೋಬಿನಲ್ಲಿ ಆ ಇಪ್ಪತ್ತು ಅಂಕಿಗಳು 0.03 ಮಿ.ಮೀ. ಉದ್ದಕ್ಕೂ ಚೆಲ್ಲಾಡಿದ್ದವು. ಬಿಚ್ಚಿ ನೋಡಿದರೆ ಗುಂಡುಗಳ ಮೇಲೆ ಅಂಟಿನ ಪೊರೆ ಇತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಸಡಿಲವಾಗಿದ್ದ ಒಂದು ಗುಂಡನ್ನು ಮತ್ತೆ ಅಂಟಿಸಿದ ಮೇಲೆ ಚೆಲ್ಲಾಟ 0.006ಕ್ಕೆ ಇಳಿಯಿತು. ನನ್ನ ಸ್ಕ್ರೂ 5 ಮಿ.ಮೀ. ಪಿಚ್ಚಿನದು, ಮೋಟಾರು ಒಂದು ಸುತ್ತಿಗೆ 1600 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 0.003 ಮಿ.ಮೀ. ಚೆಲ್ಲಾಟ ಎರಡು ಹೆಜ್ಜೆಗೆ ಬಂತೆಂದರೆ ಅದಕ್ಕಿಂತ ಹೆಚ್ಚು ಆಸೆಪಡುವಂತಿಲ್ಲ. ಯಾವಾಗಲೂ ಒಂದೇ ಅಳತೆಯಲ್ಲಿ ಬರುವ ತಪ್ಪನ್ನು ಲೆಕ್ಕದಲ್ಲಿ ಕಳೆದುಬಿಡಬಹುದು. ಗಳಿಗೆಗೊಂದು ಥರ ಬರುವ ತಪ್ಪನ್ನು ಯಾವ ಲೆಕ್ಕವೂ ಕಳೆಯಲಾರದು.

ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಿ. ಸ್ಪರ್ಶದ ಜಾಗಗಳಲ್ಲಿ ತುಕ್ಕಿನ ಚುಕ್ಕೆ ಎದ್ದರೂ ಸಾಕು, ಅಂಕಿಗಳು ಚದುರುತ್ತವೆ. ಹರಿಯುವ ಕರೆಂಟು ಕೆಲವೇ ಮಿಲಿ ಆಂಪಿಯರ್ ಇರಲಿ, ಹೆಚ್ಚಾದರೆ ಪ್ರತಿ ಸಲ ಕಡಿದಾಗಲೂ ಸಣ್ಣ ಕಿಡಿ ಹಾರಿ ಬೇರಿಂಗ್ ಗುಂಡುಗಳ ಮೇಲೆ ಕುಳಿ ಬೀಳುತ್ತದೆ. ವೈರು ಕವಚವಿರುವುದೇ ಆಗಬೇಕು.

ಇನ್ನು ತುದಿ ನಡುವಿಗೆ ಬರಬೇಕು. ಪ್ರೋಬನ್ನು ಸ್ಪಿಂಡಲ್ಲಿಗೆ ಹಿಡಿಸಿ, ಗುಂಡಿಗೆ ಡಯಲ್ ತಾಗಿಸಿ, ಸ್ಪಿಂಡಲ್ಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಮುಳ್ಳು ಒಟ್ಟು ಆಡಿದ್ದರ ಅರ್ಧದಷ್ಟು ಗುಂಡು ನಡುವಿನಿಂದ ಓರೆಯಾಗಿದೆ. ನಾಲ್ಕು ಸಣ್ಣ ಗ್ರಬ್ ಸ್ಕ್ರೂಗಳಿಂದ ಅದನ್ನು ತಿದ್ದಬೇಕು. ಒಂದನ್ನು ಸಡಿಲಿಸಿ, ಎದುರಿನದನ್ನು ಬಿಗಿಸಿ. ಒಂದು ಸಂಜೆ ಹೋಗುತ್ತದೆ, ಹೋಗಲಿ. ಬಲವಾಗಿ ಒತ್ತುವ ಡಯಲ್ ಆದರೆ ಕಾಲೇ ಎದ್ದುಬಿಡುತ್ತದೆ, ಆದ್ದರಿಂದ ಲಿವರ್ ಡಯಲ್ ಬೇಕು.

ಇಲ್ಲೊಂದು ಗೊಂದಲವನ್ನು ನಾನೇ ಬಹಳ ದಿನ ಹೊತ್ತಿದ್ದೆ. ಗುಂಡಿನ ಗಾತ್ರದ ತಪ್ಪೂ ನಡುವಿನ ಓರೆಯೂ ಒಂದೇ ಎಂದುಕೊಂಡಿದ್ದೆ. ಅವು ಬೇರೆ ಬೇರೆ. ತೂತಿನ ಎರಡೂ ಗೋಡೆ ಮುಟ್ಟಿಸಿ ನಡುವನ್ನು ಕಂಡುಹಿಡಿಯುವಾಗ ಗುಂಡಿನ ಗಾತ್ರ ಎಷ್ಟಿದ್ದರೂ ನಡು ಕೆಡುವುದಿಲ್ಲ, ಎರಡೂ ಕಡೆ ಸಮವಾಗಿ ಕಳೆದುಹೋಗುತ್ತದೆ. ಕೆಡುವುದು ತೂತಿನ ಅಗಲ. ಓರೆಯಾದರೆ ಅದಕ್ಕೆ ತಿರುವುಮುರುವು: ಅಗಲ ಸರಿ ಬರುತ್ತದೆ, ನಡು ಅಷ್ಟೂ ಸರಿದುಹೋಗುತ್ತದೆ. ಓರೆ ಎಷ್ಟೆಂದು ತಿಳಿಯಲು ಡಯಲ್ ಇಲ್ಲದವರೂ ಒಂದು ದಾರಿ ಹಿಡಿಯಬಹುದು. ನಡುವನ್ನು ಒಮ್ಮೆ ಹುಡುಕಿ. ಸ್ಪಿಂಡಲ್ಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹುಡುಕಿ. ಎರಡರ ವ್ಯತ್ಯಾಸದ ಅರ್ಧ ನಿಮ್ಮ ಓರೆ.

ಈಗ ಅಂಕಿಗೆ ಬರೋಣ. ಅದಕ್ಕೆ ಬೇಕಾದದ್ದು ರಿಂಗ್ ಗೇಜ್. ಉಕ್ಕಿನ ಉಂಗುರ, ಒಳಸುತ್ತು ಎಷ್ಟೆಂದು ಪ್ರಯೋಗಾಲಯದಲ್ಲಿ ಅಳೆದು ಪತ್ರ ಕೊಟ್ಟಿರುತ್ತಾರೆ. 25.000 ಎಂದಿಟ್ಟುಕೊಳ್ಳಿ. ಉಂಗುರದ ನಡುವಿಗೆ ಪ್ರೋಬ್ ಇಳಿಸಿ ಬಲಗೋಡೆ ಮುಟ್ಟಿಸಿ, ಎಡಗೋಡೆ ಮುಟ್ಟಿಸಿ. ಎರಡರ ನಡುವೆ ಮಷಿನ್ ನಡೆದ ದೂರ ನನ್ನಲ್ಲಿ 22.060. ಇಪ್ಪತ್ತೈದರಿಂದ ಅದನ್ನು ಕಳೆದರೆ 2.940. ಪ್ರೋಗ್ರಾಮಿಗೆ ಕೊಡಬೇಕಾದ ಗುಂಡಿನ ಗಾತ್ರ ಇದು. ಅಷ್ಟೇ ಲೆಕ್ಕ, ಪ್ರೈಮರಿ ಶಾಲೆಯದು.

ಆದರೆ ಆ 0.06ರಲ್ಲಿ ಏನೇನು ಅಡಗಿದೆ ಎಂಬುದನ್ನು ಅರಿತರೆ ಮಾತ್ರ ಅದನ್ನು ಸರಿಯಾಗಿ ಬಳಸಬಹುದು. ಕಡ್ಡಿಯ ಬಾಗು ಇದೆ. ಜೊತೆಗೆ ನಮ್ಮ ಸಣ್ಣ ಮಷಿನ್ನುಗಳ ಹಳೇ ಕಾಯಿಲೆ ಬ್ಯಾಕ್‌ಲ್ಯಾಶ್ ಕೂಡ ಇದೆ: ಬಲಕ್ಕೆ ಹೋಗಿ ಎಡಕ್ಕೆ ತಿರುಗುವಾಗ ನಟ್ಟಿನ ಸಡಿಲು ತುಂಬುವವರೆಗೆ ಟೇಬಲ್ ಅಲುಗುವುದಿಲ್ಲ, ಮಷಿನ್ ಮಾತ್ರ ನಡೆದೆ ಎಂದು ಎಣಿಸಿಕೊಳ್ಳುತ್ತದೆ. ಎಕ್ಸ್ ಕಡೆಯ ಸಡಿಲು ಬೇರೆ, ವೈ ಕಡೆಯದು ಬೇರೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಅಂಕಿ ಇಡಬೇಕು. ಸ್ನೇಹಿತರ ಮಷಿನ್ನಿನ ಅಂಕಿಯನ್ನು ನಿಮ್ಮದಕ್ಕೆ ಹಾಕಿಕೊಂಡರೆ ಬೇರೆಯವರ ಕನ್ನಡಕ ಹಾಕಿಕೊಂಡಂತೆ. ಮುಟ್ಟಿಸುವ ವೇಗ ಬದಲಾದರೂ ಅಂಕಿ ಬದಲಾಗುತ್ತದೆ. ಗದ್ದಲ ಸೋಸಲೆಂದು ವೈರಿಗೆ 10 ಕಿಲೋ ಓಮ್ ರೆಸಿಸ್ಟರು, 0.1 ಮೈಕ್ರೊಫ್ಯಾರಡ್ ಕೆಪಾಸಿಟರು ಹಾಕಿದರೆ ಸುದ್ದಿ ಮುಟ್ಟುವುದು ಸುಮಾರು ಒಂದು ಮಿಲಿಸೆಕೆಂಡ್ ತಡ. ನಿಮಿಷಕ್ಕೆ 60 ಮಿ.ಮೀ. ವೇಗದಲ್ಲಿ ಅದು ಒಂದು ಮೈಕ್ರಾನ್, 600ರಲ್ಲಿ ಹತ್ತು. ಯಾವ ವೇಗದಲ್ಲಿ ಉಂಗುರ ಮುಟ್ಟಿಸಿದಿರೋ ಅದೇ ವೇಗದಲ್ಲಿ ಜಾಬ್ ಮುಟ್ಟಿಸಿ.

ಮೂರು ಕಾಲು ಇರುವುದರಿಂದ ಇನ್ನೊಂದು ಸಂಗತಿ. ಕಾಲಿರುವ ದಿಕ್ಕಿಗೆ ತಳ್ಳಿದಾಗ ಬೇಕಾಗುವ ಬಲ ಒಂದು, ಎರಡು ಕಾಲುಗಳ ನಡುವಿನ ದಿಕ್ಕಿಗೆ ತಳ್ಳಿದಾಗ ಇನ್ನೊಂದು. ಉಂಗುರದೊಳಗೆ 30 ಡಿಗ್ರಿಗೊಂದರಂತೆ ಹನ್ನೆರಡು ಕಡೆ ಮುಟ್ಟಿಸಿ ಕಾಗದದ ಮೇಲೆ ಚುಕ್ಕಿ ಇಟ್ಟರೆ ದುಂಡು ಬರುವುದಿಲ್ಲ, ಮೂರು ಉಬ್ಬಿನ ಆಕಾರ ಬರುತ್ತದೆ. ಮೊದಲ ಸಲ ಅದು ನನ್ನ ಕಾಗದದ ಮೇಲೆ ಮೂಡಿದಾಗ ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ನನ್ನ ಕೈಯಲ್ಲಿ ಹುಟ್ಟಿದ ವಸ್ತು ತನ್ನೊಳಗಿನ ಮೂರು ಕಾಲುಗಳನ್ನು ತಾನೇ ಬರೆದು ತೋರಿಸಿತ್ತು. ಅಂದಿನಿಂದ ಪ್ರೋಬಿನ ಮೈಮೇಲೆ ಉಗುರುಬಣ್ಣದ ಒಂದು ಕೆಂಪು ಚುಕ್ಕಿ ಇಟ್ಟಿದ್ದೇನೆ. ಚುಕ್ಕಿ ಯಾವಾಗಲೂ ಮಷಿನ್ನಿನ ಕಂಬಕ್ಕೆ ಎದುರಾಗಿರಬೇಕು. ಅಂಕಿ ಹುಡುಕಿದಾಗ ಯಾವ ಮುಖವೋ ಕೆಲಸಕ್ಕೂ ಅದೇ ಮುಖ.

ರಿಂಗ್ ಗೇಜಿಗೆ ದುಡ್ಡೆಲ್ಲಿಂದ ತರಲಿ ಎನ್ನುವ ಹುಡುಗರಿಗೆ ಒಂದು ಮಾತು. ಬೇರಿಂಗ್ ಅಂಗಡಿಗೆ ಹೋಗಿ ಒಳ್ಳೆಯ ಕಂಪನಿಯ ಹೊಸ 6205 ಕೊಳ್ಳಿ. ಒಳಸುತ್ತು 25, ಹೊರಸುತ್ತು 52. ಸಾಧಾರಣ ದರ್ಜೆಯ ಬೇರಿಂಗಿನಲ್ಲೂ ಒಳಸುತ್ತು 25ಕ್ಕಿಂತ ಹೆಚ್ಚಿರುವುದಿಲ್ಲ, ಕಡಿಮೆಯಾದರೂ 10 ಮೈಕ್ರಾನಿನೊಳಗೆ. ಹೊರಸುತ್ತು 13 ಮೈಕ್ರಾನಿನೊಳಗೆ. ಒಂದು ಹೊತ್ತಿನ ಕೂಲಿಗೆ ಇಷ್ಟು ನಿಖರವಾದ ಉಕ್ಕು ಬೇರೆಲ್ಲೂ ಸಿಗದು. ಒಳಬಳೆ, ಹೊರಬಳೆ ಎರಡನ್ನೂ ಚಪ್ಪಟೆ ತಗಡಿಗೆ ಅಂಟಿನಿಂದ ಹಿಡಿಸಿ, ಇಲ್ಲದಿದ್ದರೆ ಒಳಬಳೆ ಸಡಿಲಿನಲ್ಲಿ ಸರಿಯುತ್ತದೆ. ಒಳಸುತ್ತಿನಿಂದ ಅಂಕಿ ಹುಡುಕಿ. ಆ ಅಂಕಿ ಹಾಕಿಕೊಂಡು ಹೊರಸುತ್ತನ್ನು ಅಳೆಯಿರಿ. 52 ಬಂದರೆ ನಿಮ್ಮ ಅಂಕಿ ನಿಂತಿತು. ಬರದಿದ್ದರೆ ಇನ್ನೇನೋ ಉಳಿದಿದೆ, ಹುಡುಕಬೇಕು.

ಈ ಎರಡನೇ ಅಳತೆಯನ್ನು ಯಾರೂ ಬಿಡಬೇಡಿ. ಭಾರತದ ಭೂಮಾಪನಕ್ಕೆ ಹೊರಟ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಒಂದು ಗೆರೆ ಅಳೆದ. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತಾ ಬೆಂಗಳೂರಿನವರೆಗೆ ಬಂದ. ಬಂದವನು ಲೆಕ್ಕವನ್ನೇ ನಂಬಿ ಮುಂದೆ ಹೋಗಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಯಷ್ಟು ಉದ್ದದ ಇನ್ನೊಂದು ಗೆರೆಯನ್ನು ಮತ್ತೆ ಸರಪಳಿ ಹಾಸಿ ಅಳೆಸಿದ. ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಅಂಥ ದೊಡ್ಡ ಕೆಲಸದವರೇ ಮತ್ತೊಮ್ಮೆ ಅಳೆದಿದ್ದಾರೆ, ನಮ್ಮ ಬೆಂಚಿನ ಮೇಲೆ ಅದಕ್ಕೆ ಹತ್ತು ನಿಮಿಷ ಸಾಕು.

ಬಿಸಿಲಿನ ಮಾತು ಆಡದೆ ನಮ್ಮ ಸೀಮೆಯಲ್ಲಿ ಅಳತೆಯ ಮಾತು ಮುಗಿಯುವುದಿಲ್ಲ. ಜಗತ್ತಿನ ಕಾರ್ಖಾನೆಗಳ ಉದ್ದದ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಲೆಕ್ಕದಲ್ಲಿರಬೇಕೆಂದು 1931ರಲ್ಲಿ ತೀರ್ಮಾನವಾಯಿತು. ಏಪ್ರಿಲ್ಲಿನ ಮಧ್ಯಾಹ್ನ ನಮ್ಮ ತಗಡಿನ ಶೆಡ್ಡಿನಲ್ಲಿ ಆ 20 ಎಲ್ಲಿ? ಉಕ್ಕಿನ ಉಂಗುರ 32 ಡಿಗ್ರಿಯಲ್ಲಿ ಹಿಗ್ಗುವುದು ಮೂರೂವರೆ ಮೈಕ್ರಾನ್, ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಅಷ್ಟೇ ಬಿಸಿಗೆ 55 ಮೈಕ್ರಾನ್ ಹಿಗ್ಗುತ್ತದೆ, ಮಷಿನ್ನಿನ ಉಕ್ಕಿನ ಸ್ಕ್ರೂ ಅದರ ಅರ್ಧದಷ್ಟು. ದೊಡ್ಡ ಅಲ್ಯೂಮಿನಿಯಂ ಜಾಬಿನ ಕೊನೆಯ ಅಳತೆಯನ್ನು ನಾನು ಬೆಳಿಗ್ಗೆ ಆರಕ್ಕೆ ತೆಗೆಯುತ್ತೇನೆ, ರಾತ್ರಿಯಿಡೀ ಜಾಬ್ ಮಷಿನ್ನಿನ ಮೇಲೇ ಮಲಗಿದ್ದ ಮೇಲೆ.

ಎತ್ತರದ ಅಳತೆಗೆ ಚಪ್ಪಟೆ ನೆಲ ಬೇಕು, ಅದಕ್ಕೆ ನಮ್ಮಲ್ಲಿ ಅನೇಕರು ಅಡುಗೆಮನೆ ಸ್ಲ್ಯಾಬಿನ ಕರಿಕಲ್ಲಿನ ತುಂಡು ತಂದಿಟ್ಟುಕೊಳ್ಳುತ್ತಾರೆ. ನಮ್ಮ ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಹೊರದೇಶಗಳಿಗೆ ಹೋಗುವಂಥದ್ದು. ಪ್ರಯೋಗಾಲಯಗಳ ಎಷ್ಟೋ ಸರ್ಫೇಸ್ ಪ್ಲೇಟುಗಳೂ ಇಂಥ ಕರಿ ಗ್ರಾನೈಟಿನವೇ. ಕಲ್ಲು ಒಳ್ಳೆಯದೇ. ಆದರೆ ಪಾಲಿಶ್ ಬೇರೆ, ಸಮತಟ್ಟು ಬೇರೆ. ಮುಖ ಕಾಣುವಂತೆ ಮಿಂಚುವ ಸ್ಲ್ಯಾಬು ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಏರಿಳಿದಿದೆ ಎಂದು ಡಯಲ್ ಓಡಿಸಿ ನೋಡಿ, ಆಮೇಲೆ ನಂಬಿ.

ಇಷ್ಟೆಲ್ಲ ಹೇಳಿದ ಮೇಲೆ ಬೇಡಿಕೆಗೆ ಬರುತ್ತೇನೆ. 6205 ಬೇರಿಂಗು ಮೊದಲ ಹೆಜ್ಜೆಗೆ ಸಾಕು. ಆದರೆ ಅದರ ಒಳಸುತ್ತು 25.000 ಇದೆಯೋ 24.990 ಇದೆಯೋ ನಮಗೆ ಗೊತ್ತಾಗದು. ನನ್ನ ಬೇರಿಂಗಿಗೂ ಹನೂರಿನವರ ಬೇರಿಂಗಿಗೂ 10 ಮೈಕ್ರಾನ್ ವ್ಯತ್ಯಾಸ ಇರಬಹುದು. ಅವರು ಶಾಫ್ಟ್ ಮಾಡಿ ನಾನು ಬೋರ್ ಮಾಡಿದರೆ ಆ ವ್ಯತ್ಯಾಸ ಜೋಡಣೆಯಲ್ಲಿ ಬಂದು ನಿಲ್ಲುತ್ತದೆ. ಹಿಂದೆ ಭೂಮಿ ಅಳೆಯುವ ಕೋಲಿನ ಉದ್ದವನ್ನು ದೇವಸ್ಥಾನದ ಗೋಡೆಯ ಮೇಲೆ ಕೊರೆದಿಡುತ್ತಿದ್ದರು. ಕೋಲು ಯಾರ ಮನೆಯಲ್ಲಾದರೂ ಸವೆಯಲಿ, ಗೋಡೆಗೆ ತಂದು ಒಡ್ಡಿದರೆ ಜಗಳ ತೀರುತ್ತಿತ್ತು. ಇವತ್ತಿಗೂ ಗೂಡಿನ ಮಾರುಕಟ್ಟೆಯ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ರೈತ ಒಪ್ಪುವುದಿಲ್ಲ. ನಮ್ಮ ಮಿಲ್ಲಿಂಗ್ ಮಷಿನ್ನುಗಳಿಗೆ ಮಾತ್ರ ಒಡ್ಡಿ ನೋಡುವ ಗೋಡೆ ಇಲ್ಲ.

ಆದ್ದರಿಂದ ಮೂರು ತಾಲ್ಲೂಕುಗಳ ನಡುವೆ ಒಂದು ರಿಂಗ್ ಗೇಜ್ ಇರಲಿ. 25 ಮಿ.ಮೀ.ದು, ಮಾನ್ಯತೆ ಪಡೆದ ಪ್ರಯೋಗಾಲಯದ ಪತ್ರ ಇರುವಂಥದ್ದು. ಯಾವುದಾದರೊಂದು ಐಟಿಐನ ಕಪಾಟಿನಲ್ಲಿ, ಎಣ್ಣೆ ಸವರಿ, ಮರದ ಡಬ್ಬಿಯಲ್ಲಿ ಇರಲಿ. ಜೊತೆಗೊಂದು ನೋಟ್‌ಬುಕ್ಕು: ಯಾರು ಒಯ್ದರು, ಅವರ ಗುಂಡು ಎಷ್ಟು, ಎಕ್ಸ್‌ಗೆ ಬಂದ ಅಂಕಿ, ವೈಗೆ ಬಂದ ಅಂಕಿ, ಇಪ್ಪತ್ತು ಮುಟ್ಟುಗಳ ಚೆಲ್ಲಾಟ. ಕೆಟ್ಟ ಅಂಕಿ ಬಂದರೂ ಬರೆಯಬೇಕು. ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಆ ನೋಟ್‌ಬುಕ್ಕನ್ನು ನಿಮ್ಮ ಮಕ್ಕಳ ಕೈಗೆ ಕೊಡಿ. ವರ್ನಿಯರ್ ಓದುವುದನ್ನು ಪರೀಕ್ಷೆಗೆ ಕಲಿಯುವ ಮಕ್ಕಳು ಅಳತೆಯ ಸಾಧನವನ್ನೇ ಅಳೆಯುವುದನ್ನು ಅಲ್ಲಿ ಕಲಿಯುತ್ತಾರೆ. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಬಿಡಿಸಿ ಒಂದಕ್ಕೊಂದು ಕೋದ ಬಳೆಗಳನ್ನು ನೋಡಿ ಬೆಳೆದವರು ಅವರು. ಕೈಕೆಲಸದ ನಿಖರತೆ ಎಂದರೆ ಏನೆಂದು ಅವರಿಗೆ ಬೇರೆ ಊರಿನವರು ಹೇಳಬೇಕಿಲ್ಲ.

ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕತೆ ನಿಮಗೆಲ್ಲ ಗೊತ್ತು. ಆಚಾರಿಯ ಮನೆಯಲ್ಲಿ ಕೆಂಪಾಚಾರಿಯಾಗಿ ಹುಟ್ಟಿದವರು, ಗುರು ಮಂಟೇಸ್ವಾಮಿಯ ಮಾತಿಗೆ ಹಲಗೂರಿನ ಪಾಂಚಾಳರ ಬಾಗಿಲಿಗೆ ಕಬ್ಬಿಣದ ಭಿಕ್ಷೆ ಕೇಳಲು ಹೋದರು. ನೀಲಗಾರರು ಇರುಳಿಡೀ ಹಾಡುವ ಆ ಭಾಗವನ್ನು ಚಿಕ್ಕಂದಿನಲ್ಲಿ ಕೇಳಿದಾಗ, ಅನ್ನ ಬಿಟ್ಟು ಕಬ್ಬಿಣವನ್ನು ಯಾಕೆ ಬೇಡುತ್ತಾರೆ ಎಂದು ನನಗೆ ತಿಳಿದಿರಲಿಲ್ಲ. ಕಬ್ಬಿಣದ ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು.

ನಾನೂ ಇಂದು ನಿಮ್ಮಲ್ಲಿ ಅದನ್ನೇ ಕೇಳುತ್ತಿದ್ದೇನೆ. ಯಾರದಾದರೂ ಹಳೆಯ ಟೂಲ್ ರೂಮಿನಿಂದ ಬಂದ ರಿಂಗ್ ಗೇಜ್ ಬೀರುವಿನಲ್ಲಿ ಸುಮ್ಮನೆ ಕೂತಿದ್ದರೆ ಅದನ್ನು ಈ ಕೆಲಸಕ್ಕೆ ಕೊಡಿ, ಪತ್ರ ಮಾಡಿಸಿ ತರುವ ಖರ್ಚು ನನ್ನದು. ಸಿಗದಿದ್ದರೆ ಕೂಡಿ ಕೊಳ್ಳೋಣ, ಮೊದಲ ಪಾಲನ್ನು ನಾನು ಎತ್ತಿಟ್ಟಿದ್ದೇನೆ. ಬರುವ ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಸೇರುವ ಮೊದಲು ಉಂಗುರ ಕಪಾಟಿಗೆ ಬರಬೇಕು. ನಿಮ್ಮ ನಿಮ್ಮ ಪ್ರೋಬಿನ ಇಪ್ಪತ್ತು ಮುಟ್ಟುಗಳನ್ನು ಅಷ್ಟರೊಳಗೆ ಬರೆದಿಟ್ಟುಕೊಂಡಿರಿ.

ನಿಮ್ಮವ,
ಕೊಳ್ಳೇಗಾಲದ ಒಬ್ಬ ಕಸುಬುದಾರ